ಕಾರ್ಬೊರೇಟರ್ ಪರಿವರ್ತನ ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ನಾಲ್ಕು ಸಂಗತಿಗಳನ್ನು ಮೊದಲೇ ಅರುಹಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯವೆಂದರೆ, ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಟೂ ಸ್ಟ್ರೋಕ್ ಮಿಷನ್ನಿನ ಕಾರ್ಬೊರೇಟರನ್ನು ಕಳಚಿ ಹೊಸದನ್ನು ಕೂರಿಸುವುದು. ಪ್ರಯೋಜನ, ಹುಲ್ಲು ಗಿಡ್ಡವಾಗುವುದು. ಸಂಬಂಧದ ಭಾಗವನ್ನು ಯಾವ ಗ್ರಂಥದಲ್ಲೂ ಯಾರೂ ಓದುವುದಿಲ್ಲವಾದ್ದರಿಂದ ಇಲ್ಲಿ ಬರೆದಿಲ್ಲ. ಉಳಿದದ್ದು ಅಧಿಕಾರಿಯ ವಿಚಾರ. ಅದು ಕೊಂಚ ಸೂಕ್ಷ್ಮ.

ಯಾರು ಅಧಿಕಾರಿ? ಮಾರ್ಗಶಿರ ಮಾಸದಲ್ಲಿ ಮಿಷನ್ನನ್ನು ಟ್ಯಾಂಕಿನ ಪೆಟ್ರೋಲು ಸಮೇತ ಕೊಟ್ಟಿಗೆಯ ಗೋಡೆಗೆ ನೇತುಹಾಕಿ, ಮೃಗಶಿರಾ ಮಳೆ ಬಿದ್ದಮೇಲೆ ಇಳಿಸಿದವನು. ಹಗ್ಗವನ್ನು ಬಲಗೈಯಲ್ಲಿ ಎಳೆದೆಳೆದು ಸೋತು ಎಡಗೈಗೆ ಬದಲಾಯಿಸಿದವನು. 'ಮೊನ್ನೆ ಮೊನ್ನೆ ಸರಿಯಾಗೇ ಇತ್ತು' ಎಂದು ಮನೆಯವರೆದುರು ಸಾಕ್ಷಿ ನುಡಿದವನು. ಕೆಲಸಕ್ಕೆ ಬಂದ ಆಳು ಜಗಲಿಯ ಮೇಲೆ ಕುಳಿತು ಎರಡನೆಯ ಕವಳಕ್ಕೆ ಸುಣ್ಣ ಸವರುತ್ತಿರುವುದನ್ನು ಕಂಡು ತೀವ್ರ ವೈರಾಗ್ಯ ಹುಟ್ಟಿದವನು. ಇವನಿಗೆ ಸಾಧನ ಚತುಷ್ಟಯವೂ ಸಿದ್ಧಿಸಿರಬೇಕು. ವೇದಾಂತಿಗಳು ಅದನ್ನು ವಿವೇಕದಿಂದ ಆರಂಭಿಸಿ ಎಣಿಸುತ್ತಾರೆ. ಈ ಶಾಸ್ತ್ರದಲ್ಲಿ ಅವು ಟಿ ಸ್ಪ್ಯಾನರು, ಅಲೆನ್ ಕೀ, ಸ್ಕ್ರೂಡ್ರೈವರು ಮತ್ತು ಹಳೆಯ ಪಂಚೆಯ ಒಂದು ತುಂಡು. ಮೊದಲ ಮೂರು ಪಕ್ಕದ ಮನೆಯಲ್ಲಿರುತ್ತವೆ.

ಕಾಲ, ದೇಶ, ಕರ್ತೃ

ಕೃತಿಯನ್ನು ಮುಟ್ಟುವ ಮೊದಲು ಕರ್ತೃವಿನ ಕಾಲದೇಶಗಳ ಬಗ್ಗೆ ಜಗಳವಾಡುವುದು ಕನ್ನಡ ವಿದ್ವತ್ತಿನ ರೂಢಿ. ಅದನ್ನು ಮುರಿಯುವ ಧೈರ್ಯ ಪ್ರಸ್ತುತ ಲೇಖಕನಿಗಿಲ್ಲ.

ಹುಲ್ಲು ಕತ್ತರಿಸುವ ಯಂತ್ರದ ಮೂಲಪುರುಷ ಎಡ್ವಿನ್ ಬಡ್ಡಿಂಗ್ ಎಂಬಲ್ಲಿ ತಕರಾರಿಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಸೀಮೆಯವನು. ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ಕಂಡು, ಇದನ್ನೇ ನೆಲದ ಮೇಲೆ ಓಡಿಸಿದರೆ ಹೇಗೆ ಎಂದು ಯೋಚಿಸಿ 1830ರಲ್ಲಿ ಪೇಟೆಂಟ್ ಪಡೆದ. ಅದನ್ನು ಮನುಷ್ಯನೇ ತಳ್ಳಬೇಕಿತ್ತು. ಅದರಲ್ಲಿ ಕಾರ್ಬೊರೇಟರ್ ಇರಲಿಲ್ಲ. ಹಾಗಾಗಿ ಬಡ್ಡಿಂಗನ ಯುಗದಲ್ಲಿ ನಮ್ಮ ಶಾಸ್ತ್ರಕ್ಕೆ ಸಂಬಂಧಪಟ್ಟ ದುಃಖವೂ ಇರಲಿಲ್ಲ.

ಜಗಳಕ್ಕೆ ಜಾಗವಿರುವುದು ಕಾರ್ಬೊರೇಟರಿನಲ್ಲಿ. ಪೆಟ್ರೋಲನ್ನು ತುಂತುರಾಗಿಸುವ ಕಾರ್ಬೊರೇಟರಿನ ಕರ್ತೃಗಳು ಬುಡಾಪೆಸ್ಟಿನ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ ಎಂದು ಒಂದು ಪಕ್ಷ; ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಎಂದು ಇನ್ನೊಂದು. ಎರಡೂ 1893ರದ್ದೇ, ಹಂಗೆರಿಯವರ ಅರ್ಜಿ ಕೆಲವು ತಿಂಗಳು ಮೊದಲಿನದು. ಹೂ ಮಾರುವ ಹುಡುಗಿಯೊಬ್ಬಳು ಕೊಳವೆಯಲ್ಲಿ ಊದಿ ಹೂಗಳಿಗೆ ನೀರು ಚಿಮುಕಿಸುತ್ತಿದ್ದುದನ್ನು ಕಂಡು ಅವರಿಗೆ ಈ ಉಪಾಯ ಹೊಳೆಯಿತೆಂದು ದಂತಕಥೆ. ಇದು ಪ್ರಕ್ಷಿಪ್ತ ಎನ್ನುವವರಿದ್ದರೆ ಅನ್ನಲಿ. ಪೆಟ್ರೋಲು ನಾರುವ ಈ ಶಾಸ್ತ್ರದಲ್ಲಿ ಹೂವು ಬರುವುದು ಇದೊಂದೇ ಕಡೆ, ಅದನ್ನು ಕಿತ್ತುಹಾಕಲು ಲೇಖಕನಿಗೆ ಮನಸ್ಸಿಲ್ಲ.

ತತ್ತ್ವ ಮಾತ್ರ ಇವರೆಲ್ಲರಿಗಿಂತ ಹಳೆಯದು. ಬರ್ನೂಲಿ 1738ರಲ್ಲಿ, ವೆಂಟುರಿ 1797ರಲ್ಲಿ ಅದನ್ನು ಹೇಳಿ ಮುಗಿಸಿದ್ದರು. ದಾರಿ ಕಿರಿದಾದಲ್ಲಿ ಹರಿವಿನ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಕಾರ್ಬೊರೇಟರಿನ ಕಿರುಗಂಟಲಲ್ಲಿ ಗಾಳಿಯ ಒತ್ತಡ ಇಳಿದಾಗ ಸಣ್ಣ ತೂತಿನಿಂದ ಪೆಟ್ರೋಲು ಎದ್ದುಬಂದು ಹುಡಿಹುಡಿಯಾಗುತ್ತದೆ. ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಅಂದರೆ ಮಿಷನ್ನು ಬಹುಮಟ್ಟಿಗೆ ವಾಯುಭಕ್ಷಕ ಋಷಿ, ಪೆಟ್ರೋಲು ನಿಮಿತ್ತ ಮಾತ್ರ. ಈ ಸಿದ್ಧಾಂತವನ್ನು ಬಂಕಿನಲ್ಲಿ ಮಂಡಿಸಿದರೆ ರಿಯಾಯಿತಿ ಸಿಗುವುದಿಲ್ಲ.

ಮಿಷನ್ನಿನ ತಲೆಯಲ್ಲಿ ತಿರುಗುವ ನೈಲಾನ್ ದಾರದ ವಂಶಾವಳಿ ಇನ್ನೂ ಈಚಿನದು. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಾಲಸ್ 1971ರಲ್ಲಿ ಕಾರು ತೊಳೆಸಲು ಹೋಗಿದ್ದ. ಅಲ್ಲಿ ಗಿರಗಿರನೆ ತಿರುಗುವ ಬ್ರಷ್ಷುಗಳನ್ನು ಕಂಡವನು ಮನೆಗೆ ಬಂದು ಪಾಪ್‌ಕಾರ್ನ್ ಡಬ್ಬಕ್ಕೆ ತೂತು ಕೊರೆದು, ಮೀನು ಹಿಡಿಯುವ ದಾರ ಪೋಣಿಸಿ ತಿರುಗಿಸಿದ. ಕಾರು ತೊಳೆಯುವಲ್ಲಿ ಹುಟ್ಟಿದ ದಾರ ಅಡಿಕೆ ತೋಟಕ್ಕೆ ಬಂದು ಮುಟ್ಟಿದ್ದು ಹೀಗೆ. ಕಾರು ತೊಳೆಯುವ ಪ್ರೆಷರ್ ವಾಷರಿಗೂ ಪೆಟ್ರೋಲು ಇಂಜಿನ್ನಿದ್ದರೆ ಅದೂ ಕಾರ್ಬೊರೇಟರಿನ ಕಾಯಿಲೆಯಿಂದಲೇ ನರಳುತ್ತದೆ. ಕರ್ಮ ಸುತ್ತಿ ಬರುವುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕೆ?

ಪರಂಪರೆಯ ಕ್ಷೀಣದಶೆಯ ಬಗ್ಗೆಯೂ ಒಂದು ಮಾತು. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಬೈಕುಗಳು ಬರುತ್ತಿದ್ದಾಗ ಈ ನಾಡಿನ ಒಂದು ತಲೆಮಾರು ಕಾರ್ಬೊರೇಟರಿನ ಜೆಟ್ ಬಿಚ್ಚಿ, ಬೆಳಕಿಗೆ ಹಿಡಿದು, ಬಾಯಿಂದ ಊದಿ ಮತ್ತೆ ಕೂರಿಸುವುದನ್ನು ಗುರುಮುಖೇನ ಕಲಿತಿತ್ತು. ಮುಖಪರಂಪರೆ ಎಂದರೆ ನಿಜಕ್ಕೂ ಅದೇ. 2020ರ ಏಪ್ರಿಲ್ 1ರಂದು ಬಿಎಸ್ 6 ನಿಯಮ ಬಂದಮೇಲೆ ಬಹುತೇಕ ಹೊಸ ಬೈಕು, ಸ್ಕೂಟರುಗಳು ಫ್ಯುಯಲ್ ಇಂಜೆಕ್ಷನ್ನಿಗೆ ಮತಾಂತರಗೊಂಡವು. ಪೇಟೆಯ ಹುಡುಗ ಮೆಕ್ಯಾನಿಕ್ಕು ಈಗ ಲ್ಯಾಪ್‌ಟಾಪು ಚುಚ್ಚಿ ರೋಗ ಹೇಳುತ್ತಾನೆ. ಹುಲ್ಲಿನ ಮಿಷನ್ನಿಗೆ ಚುಚ್ಚಲು ಜಾಗವಿಲ್ಲ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಹೆಗಡೇರೇ, ಇದು ವಾಶ್ ಮಾಡಿ ಪ್ರಯೋಜ್ನ ಇಲ್ಲ, ಹೊಸದೇ ಹಾಕ್ಸಿ' ಎನ್ನುತ್ತಾನೆ. ಪರಿವರ್ತನವಾದದ ಮೂಲಸೂತ್ರ ಇದೇ.

ದೋಷನಿದಾನ

ಲಾನಿನಲ್ಲಿ ತಳ್ಳಿಕೊಂಡು ಹೋಗುವ ಮಿಷನ್ನು ಸಮತಟ್ಟಿನಲ್ಲೇ ಬಾಳುತ್ತದೆ. ಅದರ ಕಾರ್ಬೊರೇಟರಿನಲ್ಲಿ ಬಟ್ಟಲೂ ಅದರೊಳಗೆ ತೇಲುವ ಫ್ಲೋಟೂ ಇದ್ದರೆ ಸಾಕು. ಹೆಗಲಿಗೆ ಹಾಕಿಕೊಳ್ಳುವ ಮಿಷನ್ನು ದರೆಯ ಮೇಲೆ ಅಡ್ಡವಾಗುತ್ತದೆ, ಕಾದಿಗೆಯ ಅಂಚಿನಲ್ಲಿ ತಲೆಕೆಳಗಾಗುತ್ತದೆ. ಅದಕ್ಕಾಗಿ ಅದರೊಳಗೆ ಫ್ಲೋಟಿನ ಬದಲು ತೆಳುವಾದ ಪೊರೆಗಳಿವೆ. ಪಿಸ್ಟನ್ ಆಡುವಾಗ ಕ್ರ್ಯಾಂಕ್‌ಕೇಸಿನಲ್ಲಿ ಏಳುವ ಒತ್ತಡದ ಮಿಡಿತ ಸಾಸಿವೆಕಾಳಿನಷ್ಟು ತೂತೊಂದರ ಮೂಲಕ ಬಂದು ಒಂದು ಪೊರೆಯನ್ನು ಬಡಿಯುತ್ತದೆ. ಆ ಬಡಿತಕ್ಕೆ ಪೆಟ್ರೋಲು ಟ್ಯಾಂಕಿನಿಂದ ಏರುತ್ತದೆ. ಇನ್ನೊಂದು ಪೊರೆ ಎಷ್ಟು ಬಿಡಬೇಕೆಂದು ಸೂಜಿಯನ್ನು ಎತ್ತಿ ಇಳಿಸಿ ತೀರ್ಮಾನಿಸುತ್ತದೆ. ಆ ಸಾಸಿವೆಕಾಳಿನ ತೂತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಈ ಗ್ರಂಥದ ಸಮಸ್ತ ವಿವಾದವೂ ಅದರೊಳಗೆ ಅಡಗಿದೆ.

ಮಾರ್ಗಶಿರದಿಂದ ಮೃಗಶಿರದವರೆಗೆ ಒಳಗುಳಿದ ಪೆಟ್ರೋಲು ಆರಿ ಅಂಟಾಗುತ್ತದೆ. ಪೊರೆ ಬಿರುಸಾಗಿ ಕಾಗದದಂತೆ ಚಟಪಟ ಅನ್ನುತ್ತದೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ ಎಂಬ ಹೆಮ್ಮೆ ಒಂದು ಕಡೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ ಎಂಬುದು ಇನ್ನೊಂದು ಕಡೆ. ಮಲೆನಾಡಿನ ಆಷಾಢದಲ್ಲಿ ಅದು ಹೀರುವುದಕ್ಕೆ ಬರಗಾಲವೇ? ನೀರು ಮಿತಿಮೀರಿದರೆ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ; ಇಂಜಿನ್ನಿನ ಸವೆತ ತಡೆಯಲು ಬೆರೆಸಿದ ಟೂಟಿ ಆಯಿಲು ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ; ಟ್ಯಾಂಕಿನೊಳಗಿನ ಫಿಲ್ಟರು ಮಾತ್ರ ತಳದಲ್ಲೇ ಮಲಗಿರುತ್ತದೆ. ಟೂಟಿ ಆಯಿಲು ಲೀಟರಿಗೆ 20 ಮಿಲಿ ಸಾಕು ಎಂದು ಒಂದು ಮಿಷನ್ನಿನ ಪುಸ್ತಕ, 40 ಬೇಕು ಎಂದು ಇನ್ನೊಂದರದು. ಆಳಿನ ಮತದಲ್ಲಿ ಅಳತೆ ಎಂದರೆ ಬಣ್ಣ.

ಹೀಗೆ ಹುಟ್ಟಿದ ರೋಗಕ್ಕೆ ಮೂರು ದರ್ಶನಗಳಿವೆ. ಚೋಕವಾದಿಗಳು ಪ್ರಾಚೀನರು. ಚೋಕನ್ನು ಅರ್ಧ ಎಳೆದಿಟ್ಟುಕೊಂಡೇ ಇಡೀ ತೋಟ ಹೊಡೆಯಬಹುದೆಂದು ಇವರ ನಂಬಿಕೆ. ರೋಗವೂ ಉಳಿಯಬೇಕು, ಕೆಲಸವೂ ಆಗಬೇಕು ಎನ್ನುವ ಸಮನ್ವಯಿಗಳು. ಶೋಧನವಾದಿಗಳು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಊದಿ, ಪೊರೆಯನ್ನಷ್ಟೇ ಹೊಸದು ಹಾಕಿ ಕೂರಿಸಬೇಕೆನ್ನುತ್ತಾರೆ. ಇವರ ವಾದ ನಿರ್ದುಷ್ಟ. ಇವರ ಕಣ್ಣು ಮಾತ್ರ ಈಗೀಗ ಮಂಜು, ಸೂಜಿಯ ಸನ್ನೆಯ ಕೆಳಗಿನ ಸ್ಪ್ರಿಂಗು ಹಾರಿ ಅಂಗಳದ ಅಡಿಕೆಯ ನಡುವೆ ಬಿದ್ದರೆ ವಾದವೂ ಅಲ್ಲಿಗೇ ನಿಲ್ಲುತ್ತದೆ. ಪರಿವರ್ತನವಾದಿಗಳು ನವ್ಯರು. ತೊಳೆಯುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸ ನಕಲು ಕಾರ್ಬೊರೇಟರೇ ಬರುವಾಗ ಶೋಧನವು ಕಾಲಹರಣ ಎನ್ನುತ್ತಾರೆ. ಪ್ರಸ್ತುತ ಲೇಖಕ ಪರಿವರ್ತನವಾದಿ. ತತ್ತ್ವನಿಷ್ಠೆಯಿಂದಲ್ಲ, ಸ್ಪ್ರಿಂಗಿನ ದೆಸೆಯಿಂದ.

ಆದರೂ ಪರಿವರ್ತನೆಗೆ ಮುನ್ನ ಕಾರ್ಬೊರೇಟರೇ ಅಪರಾಧಿ ಎಂದು ರುಜುವಾಗಬೇಡವೇ? ಇದಕ್ಕೆ ಪ್ರಮಾಣಗಳಿವೆ. ಮಿಷನ್ನು ಹತ್ತು ನಿಮಿಷ ಓಡಿ ಸಾಯುತ್ತದೆ, ಟ್ಯಾಂಕಿನ ಮುಚ್ಚಳ ಸಡಿಲಿಸಿದರೆ 'ಸುಸ್' ಎಂದು ಮತ್ತೆ ಬದುಕುತ್ತದೆ. ಹಾಗಾದರೆ ಗಾಳಿ ಒಳಬರುವ ತೂತು ಕಟ್ಟಿದೆ, ಕಾರ್ಬೊರೇಟರ್ ನಿರಪರಾಧಿ. ಪ್ಲಗ್ಗಿನ ತುದಿ ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲು ಹೆಚ್ಚು, ಬಿಳುಚಿದ್ದರೆ ಗಾಳಿ ಹೆಚ್ಚು, ಕಾಫಿಪುಡಿಯ ಬಣ್ಣವಿದ್ದರೆ ಬೇರೆ ಯಾರನ್ನಾದರೂ ಹಿಡಿಯಿರಿ. ಸೈಲೆನ್ಸರಿನ ಜಾಲರಿ ಮಸಿಯಿಂದ ಮುಚ್ಚಿರಬಹುದು. ಅದರೊಳಗೆ ಕುಂಬಾರ ಹುಳ ಸಂಸಾರ ಹೂಡಿರಲೂಬಹುದು. ಇವೆಲ್ಲ ಪರೀಕ್ಷಿಸಲು ಅರ್ಧ ಗಂಟೆ ಸಾಕು. ಶಾಸ್ತ್ರ ಬಲ್ಲವರೆಲ್ಲರೂ ಈ ಅರ್ಧ ಗಂಟೆಯನ್ನು ಒಪ್ಪುತ್ತಾರೆ. ಆಚರಣೆಯಲ್ಲಿ ಪೇಟೆಗೆ ಹೋಗುವ ಬಸ್ಸು ಅದಕ್ಕೆ ಮೊದಲೇ ಬಂದುಬಿಡುತ್ತದೆ.

ಪ್ರಯೋಗ ವಿಧಿ

ಅಂಗಡಿಯಲ್ಲಿ ಹಳೆಯದನ್ನು ತೋರಿಸಿಯೇ ಹೊಸದನ್ನು ಕೊಳ್ಳಬೇಕು. ಮೈಮೇಲೆ ಕೊರೆದ ನಂಬರು, ಬೋಲ್ಟಿನ ತೂತುಗಳ ಅಂತರ, ಗಂಟಲಿನ ಅಗಲ ಮೂರೂ ಒಂದೇ ಇರಬೇಕು. ಅಂಗಡಿಯವನು 'ಎಲ್ಲ ಒಂದೇ ಸಾರ್' ಎನ್ನುತ್ತಾನೆ. ಇದು ಅದ್ವೈತ. ಬೋಲ್ಟು ಹಾಕುವಾಗ ದ್ವೈತವೇ ನಿಜವೆಂದು ಗೊತ್ತಾಗುತ್ತದೆ.

ಬಿಚ್ಚುವುದು ಸುಲಭ. ಏರ್ ಫಿಲ್ಟರಿನ ಮುಚ್ಚಳ, ಉದ್ದನೆಯ ಎರಡು ಬೋಲ್ಟು, ಆಕ್ಸಿಲರೇಟರ್ ಕೇಬಲ್ಲಿನ ಗುಂಡು, ಎರಡು ಪೈಪು. ಇಷ್ಟು ಕಳಚಿದರೆ ಕಾರ್ಬೊರೇಟರು ಕೈಗೆ ಬರುತ್ತದೆ. ಪೈಪು ಎಳೆಯುವ ಮೊದಲು ಮೊಬೈಲಿನಲ್ಲಿ ಫೋಟೋ ಹಿಡಿಯಬೇಕು. ಪ್ರತ್ಯಕ್ಷ, ಅನುಮಾನ, ಶಬ್ದಗಳ ಸಾಲಿಗೆ ಇದು ನಮ್ಮ ಕಾಲದ ಕೊಡುಗೆ. ಒಂದು ಪೈಪು ಫಿಲ್ಟರಿನಿಂದ ಪೆಟ್ರೋಲು ತರುವುದು, ಇನ್ನೊಂದು ಸ್ಟಾರ್ಟಿಗೆ ಮುನ್ನ ಒತ್ತುವ ರಬ್ಬರಿನ ಗುಳ್ಳೆಯಿಂದ ಮರಳಿ ಟ್ಯಾಂಕಿಗೆ ಹೋಗುವುದು. ಅದಲುಬದಲಾದರೆ ಗುಳ್ಳೆ ಒತ್ತಿದಷ್ಟೂ ಟ್ಯಾಂಕಿನೊಳಗೆ ಬುಳುಬುಳು ಎನ್ನುತ್ತದೆಯೇ ವಿನಾ ಪೆಟ್ರೋಲು ಮೇಲೆ ಬಾರದು. ನೋಡಿದ ಮಕ್ಕಳಿಗೆ ಖುಷಿ.

ಇನ್ನು ಪ್ಯಾಕಿಂಗ್. ಇದೇ ಪ್ರಕರಣದ ಹೃದಯ. ಇಂಜಿನ್ನಿಗೂ ಕಾರ್ಬೊರೇಟರಿಗೂ ನಡುವೆ ಬಿಸಿ ತಡೆಯುವ ಒಂದು ಬಿಲ್ಲೆ, ಅದರ ಎರಡೂ ಮಗ್ಗುಲಿಗೆ ತೆಳು ಪ್ಯಾಕಿಂಗು. ಪ್ಯಾಕಿಂಗಿನಲ್ಲಿ ಬೋಲ್ಟಿಗೆ ಎರಡು ತೂತು, ನಡುವೆ ದೊಡ್ಡದೊಂದು, ಮೂಲೆಯಲ್ಲಿ ಆ ಸಾಸಿವೆಕಾಳಿನದು. ತಿರುವುಮುರುವಾಗಿ ಇಟ್ಟರೂ ಬೋಲ್ಟು ಸಲೀಸಾಗಿ ಹೋಗುತ್ತದೆ, ನೋಡಲು ಎಲ್ಲವೂ ಸರಿ. ಆದರೆ ಮಿಡಿತದ ತೂತು ಮುಚ್ಚಿಹೋಗಿ ಹೊಸ ಕಾರ್ಬೊರೇಟರಿಗೆ ಒಂದು ಹನಿಯೂ ಏರುವುದಿಲ್ಲ. ಹರಿದ ಪ್ಯಾಕಿಂಗಿನದು ಇನ್ನೂ ಮೋಸ. ಸಂದಿಯಿಂದ ಗಾಳಿ ಎಳೆದುಕೊಂಡು ಮಿಷನ್ನು ಭರ್ಜರಿಯಾಗಿ ಕಿರುಚುತ್ತದೆ, ಯಜಮಾನ ಶಭಾಷ್ ಎನ್ನುತ್ತಾನೆ, ಒಳಗೆ ಪಿಸ್ಟನ್ನು ಕಾದು ಜಾಮಾಗುತ್ತದೆ. ಹಳೆಯ ಪ್ಯಾಕಿಂಗನ್ನೇ ಸೋಪು ಸವರಿ ಹಾಕುವ ಸಂಪ್ರದಾಯವೊಂದಿದೆ. ಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಹೊಸದರ ಬೆಲೆ ಒಂದು ಮಸಾಲೆ ದೋಸೆಗೂ ಕಡಿಮೆ. ಆದರೂ ಪೇಟೆಗೆ ಹೋದವನು ದೋಸೆ ತಿಂದು ಬರುತ್ತಾನೆ, ಪ್ಯಾಕಿಂಗು ಮರೆತು ಬರುತ್ತಾನೆ. ಏಕೆಂಬುದಕ್ಕೆ ಭಾಷ್ಯಕಾರರು ಮೌನ.

ಕೂರಿಸಿಯಾದ ಮೇಲೆ ಸ್ಕ್ರೂಗಳು. ಎಲ್ ಎಂಬುದು ಮಂದಗತಿಗೆ, ಎಚ್ ಎಂಬುದು ವೇಗಕ್ಕೆ, ಮೂರನೆಯದು ಐಡಲಿಗೆ. ಎಲ್, ಎಚ್‌ಗಳನ್ನು ಮೆತ್ತಗೆ ಕೊನೆಮುಟ್ಟಿಸಿ ಒಂದರಿಂದ ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು ಅಲ್ಲಿಂದ ಕಿವಿಯನ್ನು ನಂಬಿ ಹೋಗುವುದು ವಾಡಿಕೆ. ಬಿಗಿಯಾಗಿ ತಿರುಗಿಸಿದರೆ ಸೂಜಿಯ ಮೊನೆ ಕೂರುವ ಜಾಗ ಹಾಳು. ಐಡಲಿನಲ್ಲಿ ತಲೆಯ ದಾರ ತಿರುಗಲೇಬಾರದು; ತಿರುಗಿದರೆ ಸ್ಕ್ರೂ ಇಳಿಸಬೇಕು, ಕಾಲು ಮುಂದೆ ಚಾಚಬಾರದು.

ಹಳೆಯದರ ಗತಿ

ತೆಗೆದ ಕಾರ್ಬೊರೇಟರನ್ನು ಏನು ಮಾಡಬೇಕು? ತ್ಯಾಗವಾದಿಗಳು ಗುಜರಿಗೆ ಎನ್ನುತ್ತಾರೆ. ಸಂಗ್ರಹವಾದಿಗಳು ಯಾವುದಕ್ಕಾದರೂ ಆದೀತು ಎಂದು ಹಾಲುಪುಡಿಯ ಡಬ್ಬಕ್ಕೆ ಹಾಕಿ ಅಟ್ಟಕ್ಕೇರಿಸುತ್ತಾರೆ. ಈ ನಾಡಿನಲ್ಲಿ ತ್ಯಾಗವಾದ ಗ್ರಂಥಗಳಲ್ಲಷ್ಟೇ ಇದೆ. ಡಬ್ಬದಲ್ಲಿ ಎರಡು ಮೂರು ಕೂಡಿದ ಮೇಲೆ ಯಾವುದು ಯಾವ ವರ್ಷದ್ದೆಂದು ಹೇಳುವ ಶಾಸನಾಧಾರವೂ ಉಳಿಯುವುದಿಲ್ಲ.

ಪೂರ್ವಪಕ್ಷಿ ಎತ್ತುವ ಕಟ್ಟಕಡೆಯ ಆಕ್ಷೇಪ ಇಲ್ಲಿಯೇ ಇದೆ. ಮರುವರ್ಷ ಹೊಸ ಕಾರ್ಬೊರೇಟರೂ ಕೈಕೊಡುತ್ತದೆ. ಅಂದು ಭಾನುವಾರ, ಅಂಗಡಿ ಇಲ್ಲ. ಡಬ್ಬ ಕೆಳಗಿಳಿಯುತ್ತದೆ. ಕೈಗೆ ಸಿಕ್ಕಿದ್ದೊಂದನ್ನು ಪೆಟ್ರೋಲಿನಲ್ಲಿ ಅದ್ದಿ, ಊದಿ ಕೂರಿಸಿದರೆ ಮಿಷನ್ನು ಎರಡನೆಯ ಎಳೆತಕ್ಕೇ ಹಿಡಿದುಕೊಳ್ಳುತ್ತದೆ. ಕೆಟ್ಟಿದೆಯೆಂದು ತೆಗೆದಿಟ್ಟದ್ದೇ ಸರಿಯಾಗಿ ಓಡುವುದಾದರೆ ಅಂದು ಪರಿವರ್ತಿಸಿದ್ದೇಕೆ, ಈ ಮೀಮಾಂಸೆ ಬರೆದದ್ದಾದರೂ ಏಕೆ ಎಂದು ಅವನು ಕೇಳುತ್ತಾನೆ.

ಸಮಾಧಾನ: ಈ ಸಲ ಪ್ಯಾಕಿಂಗು ಸರಿಯಾಗಿ ಕೂತಿತ್ತು.