ಬಾಕಿ ಇಲ್ಲದವರ ಬಾಕಿ

(ತುಮಕೂರಿನ ಒಂದು ಅಪಾರ್ಟ್‌ಮೆಂಟ್. ಮಾಲೀಕರ ಸಂಘದ ಕಚೇರಿ.)

ಗುಂಡಣ್ಣ: ಸಾರ್, ಫ್ಲ್ಯಾಟ್ ಮಾರ್ತಿದೀನಿ. ನನ್ನ ಬಾಕಿ ಎಷ್ಟಿದೆ?

ಕಾರ್ಯದರ್ಶಿ: ಒಂದು ಪೈಸೇನೂ ಇಲ್ಲ.

ಗುಂಡಣ್ಣ: ಹಾಗಂತ ಒಂದು ಪತ್ರ ಬರ್ಕೊಡಿ.

ಕಾರ್ಯದರ್ಶಿ: ಅದಕ್ಕೆ 5,000.

ಗುಂಡಣ್ಣ: ಕಟ್ಟದಿದ್ರೆ?

ಕಾರ್ಯದರ್ಶಿ: ಅಷ್ಟು ಬಾಕಿ ಅಂತ ಬರ್ಕೋತೀವಿ. ಬಾಕಿ ಇರೋರಿಗೆ ಪತ್ರ ಕೊಡೋ ಹಾಗಿಲ್ಲ.

ಕುಣಿಗಲ್‌ನ ಖರೀದಿದಾರ: 1972ರ ಅಪಾರ್ಟ್‌ಮೆಂಟ್ ಕಾಯ್ದೇಲಿ, ಕೊಳ್ಳೋನು ಕೇಳಿದ್ರೆ ಬಾಕಿ ಲೆಕ್ಕ ಕೊಡ್ಬೇಕಂತೆ. ಬರೆದಿದ್ದಕ್ಕಿಂತ ಹೆಚ್ಚು ಆಮೇಲೆ ನನ್ನತ್ರ ಕೇಳೋ ಹಾಗಿಲ್ವಂತೆ?

ಕಾರ್ಯದರ್ಶಿ: ಅದಕ್ಕೇ ಅಲ್ವಾ ನಾವು ಬರೆಯೋಕೇ ಹೋಗಲ್ಲ!

ಖರೀದಿದಾರ: ನಮ್ಮೂರಲ್ಲಿ ಕುದುರೆ ಕೊಳ್ಳೋದೇ ವಾಸಿ. ಹಲ್ಲು ನೋಡಿದ್ರೆ ಮುಗೀತು.

ಕಾರ್ಯದರ್ಶಿ: ಕುದುರೆ ಮೆಂಟೆನೆನ್ಸ್ ಕಟ್ಟುತ್ತೇನ್ರೀ?

ಗುಂಡಣ್ಣ: ಲಿಫ್ಟೂ ಮೂರು ತಿಂಗಳಿಂದ ಏರಿಲ್ಲ ಸಾರ್.

ಕಾರ್ಯದರ್ಶಿ: ಶುಲ್ಕ ಏರಿದೆಯಲ್ಲ! ಅಂದ ಹಾಗೆ, ಅಧ್ಯಕ್ಷರ ಸಹಿ ಬೇಕು. ನಾಟಕ ನೋಡೋಕೆ ಗುಬ್ಬಿಗೆ ಹೋಗಿದಾರೆ.

ಗುಂಡಣ್ಣ: ಅಷ್ಟು ದೂರ ಯಾಕೆ ಹೋದ್ರು ಪಾಪ!

ವಾಚ್‌ಮನ್ (ಇಣುಕಿ): ಸಾರ್, ಎರಡು ತಿಂಗಳ ಸಂಬಳ ಬಾಕಿ ಇದೆ ಅಂತ ನಂಗೂ ಒಂದು ಪತ್ರ...

ಕಾರ್ಯದರ್ಶಿ: ನಿಂಗ್ಯಾಕಯ್ಯಾ?

ವಾಚ್‌ಮನ್: ಕಿರಾಣಿ ಅಂಗಡೀಲಿ ತೋರಿಸ್ಬೇಕು. ಅವನು ಬಾಕಿ ಬರ್ಕೊಳ್ಳೋಕೆ ಶುಲ್ಕ ಕೇಳಲ್ಲ ಸಾರ್.