ಶ್ಶ್ ಮಾವ

ರಾತ್ರಿ ಸರಿಯಾಗಿ ಹತ್ತಕ್ಕೆ ನಮ್ಮ ಬೀದಿಯಲ್ಲಿ ಸೈರನ್ ಕೂಗುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಬೆಚ್ಚಿ ಬಾಗಿಲಿಗೆ ಬಂದು, ಆಂಬುಲೆನ್ಸೋ ಫೈರ್ ಎಂಜಿನ್ನೋ ಎಂದು ಕತ್ತು ಉದ್ದ ಮಾಡುತ್ತಾರೆ. ಹಳಬರು ಏಳುವುದಿಲ್ಲ, ಕೂತಲ್ಲೇ ಟಿವಿ ಸಣ್ಣ ಮಾಡುತ್ತಾರೆ. ಅದು ಶ್ಶ್ ಮಾವನ ಮೊಬೈಲಿನ ಅಲಾರಾಂ. ಇನ್ನು ಬೆಳಗಿನ ಆರರವರೆಗೆ ಯಾರೂ ಗಲಾಟೆ ಮಾಡಕೂಡದು ಅಂತ ಶಿವಮೊಗ್ಗದ ವಿನೋಬನಗರದಲ್ಲಿ ನಾಲ್ಕು ಅಡ್ಡರಸ್ತೆಗೆ ಕೇಳುವ ಹಾಗೆ ಕೂಗಿ ಹೇಳುವ ಏರ್ಪಾಡು.

ಇಂಥವರೊಬ್ಬರು ಇಲ್ಲದ ಬಡಾವಣೆ ಇಲ್ಲ. ನಿಮ್ಮಲ್ಲಿ ಅವರು ಬ್ಯಾಂಕಿನಿಂದ ರಿಟೈರ್ ಆಗಿರಬಹುದು, ಹೈಸ್ಕೂಲಿನಿಂದ ಆಗಿರಬಹುದು. ನಮ್ಮವರು ಭದ್ರಾವತಿಯ ಒಂದು ಕಾರ್ಖಾನೆಯಿಂದ. ಬನಿಯನ್ನು, ಅದರ ಮೇಲೆ ಅರ್ಧ ತೋಳಿನ ಸ್ವೆಟರು, ಲುಂಗಿ, ಮೂರು ಸೆಲ್ಲಿನ ಟಾರ್ಚು, ಎದೆಗೆ ಒತ್ತಿಕೊಂಡ ಉದ್ದನೆಯ ರಿಜಿಸ್ಟರು. ರೇಷನ್ ಕಾರ್ಡಿನಲ್ಲಿ ಅವರಿಗೊಂದು ಹೆಸರು ಇದ್ದೇ ಇದೆ. ಆದರೆ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಇಟ್ಟ ಹೆಸರೇ ನಿಂತಿತು. ಕೊರಿಯರ್‌ನವನೂ ‘ಶ್ಶ್ ಮಾವನ ಮನೆ ಯಾವುದು’ ಎಂದೇ ಕೇಳುತ್ತಾನೆ, ಅದೂ ದನಿ ತಗ್ಗಿಸಿ.

ಅವರ ಜೇಬಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಕಾಗದ ಒಂದಿದೆ. ಶಬ್ದ ಮಾಲಿನ್ಯ ನಿಯಮಗಳು, 2000. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲಿಗೆ 50, ರಾತ್ರಿಗೆ 40. ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕೂಡದು. ಹಬ್ಬ, ಉತ್ಸವ ಎಂದರೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ, ಸಡಿಲ ಬಿಡಬಹುದು. ಈ ಹದಿನೈದನ್ನು ಮಾವ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಗುರುತು ಹಾಕಿ ಲೆಕ್ಕ ಇಡುತ್ತಾರೆ, ಅತ್ತೆ ಹಾಲಿನ ಲೆಕ್ಕ ಬರೆಯುವ ಅದೇ ಹಾಳೆಯಲ್ಲಿ. ಒಂದು ವರ್ಷ ಗಣಪತಿ ಹಬ್ಬದ ಹೊತ್ತಿಗೆ ಎರಡು ಲೆಕ್ಕವೂ ಕಲಸಿಹೋಗಿ, ಮೂರು ರಾತ್ರಿಯ ಆರ್ಕೆಸ್ಟ್ರಾಕ್ಕೆ ಹಾಲಿನವನಿಗೆ ದುಡ್ಡು ಸಂದಾಯವಾಯಿತು.

ಇನ್ನೊಂದು ಸಲ ನಮ್ಮ ಮನೆಯ ಗ್ರೈಂಡರು 10 ಗಂಟೆ 4 ನಿಮಿಷಕ್ಕೂ ತಿರುಗುತ್ತಿತ್ತು. ಮಾರನೇ ಬೆಳಿಗ್ಗೆ ನೆಂಟರು ಬರುವವರಿದ್ದರು. ಕಿಟಕಿಗೆ ಟಾರ್ಚಿನ ಬೆಳಕು ಬಿತ್ತು.

“ಎಂತ ಮಾರಾಯ ಇದು, ಉದ್ದಿನಬೇಳೆಯಾ?”

“ಹೌದು ಮಾವ. ಇನ್ನೈದೇ ನಿಮಿಷ.”

“ಹಿಟ್ಟು ರುಬ್ಬೋದು ಜನರಲ್ ಶಿಫ್ಟಿನಲ್ಲಿ. ನೈಟ್ ಶಿಫ್ಟಿನಲ್ಲಿ ಅಲ್ಲ.”

ಇದನ್ನು ಅವರು ಪಿಸುಮಾತಿನಲ್ಲಿ ಹೇಳಿದರು. ಆ ಪಿಸುಮಾತಿಗೆ ಎದುರುಮನೆಯ ನಾಯಿ ಎದ್ದು ಬೊಗಳಿತು. ಅದಕ್ಕೆ ಹಿಂದಿನ ರಸ್ತೆಯ ನಾಯಿ ಓಗೊಟ್ಟಿತು. ಮಾವ ನಾಯಿಗಳಿಗೆ ‘ಶ್ಶ್’ ಎಂದರು. ಹಿಟ್ಟು ನುಣ್ಣಗಾಗುವ ಹೊತ್ತಿಗೆ ಲೈಟು ಹೊತ್ತದ ಮನೆ ಬೀದಿಯಲ್ಲಿ ಒಂದೂ ಉಳಿದಿರಲಿಲ್ಲ.

ನೈಟ್ ಶಿಫ್ಟ್ ಎಂದರಲ್ಲ, ಅದು ತಮಾಷೆಗೆ ಅಂದ ಮಾತಲ್ಲ. ಭದ್ರಾವತಿಯಲ್ಲಿ ದಿನ ಎಂಬುದಕ್ಕೆ ಮೂರೇ ಭಾಗ: ಆರರಿಂದ ಎರಡು, ಎರಡರಿಂದ ಹತ್ತು, ಹತ್ತರಿಂದ ಆರು. ದೆಹಲಿಯಲ್ಲಿ ಕೂತು ನಿಯಮ ಬರೆದವರು ರಾತ್ರಿ ಎಂದರೆ 10ರಿಂದ 6 ಎಂದು ಯಾವ ಲೆಕ್ಕದಲ್ಲಿ ಬರೆದರೋ, ಮಾವನಿಗಂತೂ ಅದು ಡ್ಯೂಟಿ ಚಾರ್ಟಿನಂತೆ ಕಂಡಿತು. ರಿಟೈರಾದ ಮೇಲೆ ಎರಡು ವರ್ಷ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದವರು, ಪೇಪರಿನಲ್ಲಿ ಆ ನಿಯಮ ಓದಿದ ದಿನವೇ ಎದ್ದು ಟಾರ್ಚು ಹುಡುಕಿದರಂತೆ.

ಬೆಂಕಿಪುರ ಎಂಬುದು ಭದ್ರಾವತಿಯ ಹಳೆಯ ಹೆಸರು. ಹೆಸರಿಗೆ ಸರಿಯಾಗಿ 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. ವಿಶ್ವೇಶ್ವರಯ್ಯನವರ ಕನಸು, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು. 1930ರ ದಶಕದಲ್ಲಿ ಪಕ್ಕಕ್ಕೇ ಕಾಗದದ ಕಾರ್ಖಾನೆಯೂ ಬಂತು. ಅಲ್ಲಿಂದ ಮುಂದೆ ಆ ಊರಿನಲ್ಲಿ ಅನ್ನಕ್ಕೆ ಅಕ್ಕಿ ಹಾಕಿದ್ದು, ಮಕ್ಕಳು ಶಾಲೆಗೆ ಹೊರಟಿದ್ದು, ಹೆಂಗಸರು ಗಂಡಂದಿರಿಗೆ ಬುತ್ತಿ ಕಟ್ಟಿದ್ದು ಎಲ್ಲವೂ ಸೈರನ್ನಿನ ಮೇಲೆ. ಅಲ್ಲಿ ಹುಟ್ಟಿದ ಮಗುವಿಗೆ ಜೋಗುಳ ಬೇಕಿರಲಿಲ್ಲ, ಮಿಲ್ಲು ಗೊರಗೊರ ಎನ್ನುತ್ತಿದ್ದರೆ ಸಾಕಿತ್ತು. ಮಾವ 34 ವರ್ಷ ಆ ಗೊರಗೊರದ ನಡುವೆ ನಿಂತು ಕೆಲಸ ಮಾಡಿದರು. ಕಿವಿಗೆ ಇಟ್ಟುಕೊಳ್ಳಲು ಕೊಟ್ಟ ಬಿರಡೆಗಳನ್ನು ಜೋಪಾನವಾಗಿ ಮನೆಗೆ ತಂದು, ತೂತಾದ ನೀರಿನ ಡ್ರಮ್ಮಿಗೆ ಹೊಡೆದರು. “ಮಿಷಿನ್ ಏನು ಹೇಳುತ್ತೆ ಅಂತ ಕೇಳಿಸ್ಕೋಬೇಕಲ್ಲ ಮಾರಾಯ, ಕಿವಿ ಮುಚ್ಕೊಂಡ್ರೆ ಹೆಂಗೆ?”

ಹೀಗೆ ಕೇಳಿಸಿಕೊಂಡದ್ದರ ರಸೀದಿ ಅವರ ಬೀರುವಿನಲ್ಲಿದೆ. ಕಿವಿ ಡಾಕ್ಟರು ತೆಗೆದ ಆಡಿಯೋಗ್ರಾಂ. ಗೆರೆ ಎಡದಿಂದ ನೆಟ್ಟಗೆ ಬಂದು, 4000 ಹರ್ಟ್ಸ್ ಎಂಬಲ್ಲಿ ಆಗುಂಬೆ ಘಾಟಿ ಇಳಿದ ಹಾಗೆ ಇಳಿದುಬಿಡುತ್ತದೆ. ಯಂತ್ರದ ಅಬ್ಬರದಲ್ಲಿ ವರ್ಷಗಟ್ಟಲೆ ನಿಂತವರಿಗೆ ಮೊದಲು ಹೋಗುವುದು ಈ ಮೇಲಿನ ಸಪ್ಪಳ. ತಗ್ಗಿನ ದನಿಗಳು, ಅಂದರೆ ಡ್ರಮ್ಮು, ಜನರೇಟರು, ಪಕ್ಕದ ಮನೆಯವರು ಮಂಚ ಎಳೆಯುವುದು, ಇವೆಲ್ಲ ಗಟ್ಟಿಯಾಗಿ ಕೇಳುತ್ತವೆ. ಹೋಗುವುದು ಹಕ್ಕಿಯ ಚಿಲಿಪಿಲಿ, ಮೊಬೈಲಿನ ಸಣ್ಣ ರಿಂಗು, ಶ-ಷ-ಸ. ಅತ್ತೆ ಊಟಕ್ಕೆ ಬಡಿಸುತ್ತಾ “ಸಾರು ಹಾಕ್ಲಾ?” ಎಂದರೆ, ಮಾವ ಗಡಿಯಾರ ನೋಡಿ “ಆರು ಎಲ್ಲಾಯ್ತು, ಇನ್ನೂ ಒಂಬತ್ತೂವರೆ” ಎನ್ನುತ್ತಾರೆ.

ಎಂದರೆ, ಇದು ಬೀದಿಯ ಹುಡುಗರಿಗೆ ನಮಗಿಂತ ಮೊದಲೇ ಗೊತ್ತಿತ್ತು, ಶ್ಶ್ ಮಾವನಿಗೆ ಕೇಳದಿರುವ ಸದ್ದು ಎಂದರೆ ‘ಶ್ಶ್’. ತಾವು ಹೇಳಿದ್ದು ತಮಗೇ ಕೇಳುವುದಿಲ್ಲವಾದ್ದರಿಂದ ಸಾಲದೇನೋ ಎಂದು ಇನ್ನಷ್ಟು ಜೋರಾಗಿ ಹೇಳುತ್ತಾರೆ. ಕುಕ್ಕರ್ ಕೂಗಿತೆಂದು ನನ್ನ ಹೆಂಡತಿ ಎರಡು ಸಲ ಒಲೆ ಆರಿಸಿದ್ದಾಳೆ.

ನಿಯಮಕ್ಕೆ ಅವರು ಕೊಟ್ಟುಕೊಂಡ ವಿನಾಯಿತಿಗಳ ಪಟ್ಟಿ ಬೇರೆ. ಬೆಳಿಗ್ಗೆ 5.40ಕ್ಕೆ ಅವರ ಮನೆಯಿಂದ ಬೀದಿ ತುಂಬುವ ಸುಪ್ರಭಾತ ಶಬ್ದವಲ್ಲ, ನಾದ. ಭದ್ರಾವತಿ ಆಕಾಶವಾಣಿ ಶಬ್ದವಲ್ಲ, ವಾರ್ತೆ. ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಡೊಳ್ಳಿನವರ ಹಿಂದೆ ಕುಣಿಯುವ ಹೆಜ್ಜೆ ಹಾಕುತ್ತಾ ಹೋಗುತ್ತಿದ್ದವರನ್ನು ನಾನೇ ಹಿಡಿದು, “ಮಾವ, ಡೆಸಿಬಲ್?” ಎಂದೆ. “ಡೊಳ್ಳು ಎದೆಗೆ ಕೇಳೋದು ಮಾರಾಯ, ಕಿವಿಗಲ್ಲ. ನಿಯಮದಲ್ಲಿ ಎದೆ ಅಂತ ಎಲ್ಲಿದೆ ತೋರಿಸು.” ನಾನು ಕಾಗದ ಓದಿ ನೋಡಿದೆ. ಇಲ್ಲ.

ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಸಂಸಾರಸಮೇತ ಟೆಂಟು ಹಾಕುವ ಜಾಗಗಳಲ್ಲಿ ರಾತ್ರಿಯಷ್ಟೇ ಅಲ್ಲ, ಎಷ್ಟೋ ಕಡೆ ಮಧ್ಯಾಹ್ನ 1ರಿಂದ 3ರವರೆಗೂ ಸದ್ದು ಮಾಡುವಂತಿಲ್ಲ, ಆ ಹೊತ್ತಿನಲ್ಲಿ ಕಾರನ್ನೂ ಒಳಗೆ ಬಿಡುವುದಿಲ್ಲ ಎಂದು ಅವನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮ ಬೀದಿಗೂ ಅದನ್ನು ತರಬೇಕೆಂದು ಮಾವ ಹೊರಟರು. ಅತ್ತೆ ಅಡಿಗೆಮನೆಯಿಂದಲೇ ಹೇಳಿದರು: “ಒಂದರಿಂದ ಮೂರು ಬೀದೀಲಿ ಎಲ್ರೂ ಊಟ ಮಾಡಿ ಅಡ್ಡಾಗಿರ್ತಾರೆ. ಎದ್ದಿರೋರು ನೀವೊಬ್ರೇ, ಅವರನ್ನ ಎಬ್ಬಿಸಿ ಹೇಳೋಕೆ.”

ಮಧ್ಯಾಹ್ನದ ಯೋಜನೆ ಬಿತ್ತು, ಟೆಂಟಿನ ಆಸೆ ಉಳಿಯಿತು. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ, ಬೀದಿಯ ನಾಲ್ಕು ಸಂಸಾರ ಸೇರಿ ಭದ್ರಾ ಹಿನ್ನೀರಿನ ಬದಿಯ ತೋಟವೊಂದರಲ್ಲಿ ಒಂದು ರಾತ್ರಿ ತಂಗಲು ಹೊರಟೆವು. ಭದ್ರಾವತಿ ದಾಟಿ, ಬಿ.ಆರ್. ಪ್ರಾಜೆಕ್ಟ್ ದಾರಿ. ಭದ್ರಾವತಿಯಲ್ಲಿ ಮಾವ ಕಾರು ನಿಲ್ಲಿಸಲು ಹೇಳಿದರು, ತಮ್ಮ ಹಳೆಯ ಗೇಟಿನ ಎದುರು. ಆ ಊರಿನಲ್ಲಿ ಕಾಗದದ ಯಂತ್ರಗಳು 2015ರಲ್ಲೇ ನಿಂತವು. ಉಕ್ಕಿನದನ್ನು ಮುಚ್ಚುವ ಮಾತು 2023ರಲ್ಲಿ ಬಂದು, ಕಾರ್ಮಿಕರು ಬೀದಿಗಿಳಿದು, ಆಮೇಲೆ ಒಂದಿಷ್ಟು ಕೆಲಸ ಮತ್ತೆ ನಡೆಯಿತು. ಇವರ ಗೇಟು ಯಾವುದು ಎಂಬುದು ಇಲ್ಲಿಗೆ ಬೇಡ. ಮಾವ ಗಾಜು ಇಳಿಸಿ, ಕಿವಿಯ ಹಿಂದೆ ಅಂಗೈ ಇಟ್ಟು ಎರಡು ನಿಮಿಷ ಕೂತರು. ಹಿಂದಿನ ಸೀಟಿನಲ್ಲಿ ಮಕ್ಕಳು ಕುರುಕುಲು ಚೀಲ ಹರಿಯುತ್ತಿದ್ದವು, ಅವುಗಳಿಗೂ ಏನೂ ಅನ್ನಲಿಲ್ಲ. “ನಡಿ,” ಎಂದರು ಕೊನೆಗೆ.

ತೋಟದ ಬಾಗಿಲಲ್ಲಿ ಬೋರ್ಡು ಕಂಡ ಮೇಲೆಯೇ ಮುಖಕ್ಕೆ ಕಳೆ ಬಂದಿದ್ದು. ‘ರಾತ್ರಿ 10ರಿಂದ ಬೆಳಿಗ್ಗೆ 6 ನಿಶ್ಶಬ್ದ. ಕಾಡುಪ್ರಾಣಿಗಳಿಗೆ ತೊಂದರೆ ಕೊಡಬೇಡಿ.’ ಜೋಗದ ಮುಂದೆ ನಿಲ್ಲುವ ಹಾಗೆ ಆ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನೀರಿನಾಚೆ ಭದ್ರಾ ಹುಲಿ ಮೀಸಲು ಅರಣ್ಯ ಕಪ್ಪಗೆ ಮಲಗಿತ್ತು. ಈಚೆ ಎಂಟು ಟೆಂಟು. ಕೊನೆಯ ಎರಡರಲ್ಲಿ ಕಾಲೇಜು ಮುಗಿಸಿದ ಹುಡುಗರು, ಜೊತೆಗೆ ಲೋಟದಷ್ಟು ಗಾತ್ರದ ಒಂದು ಸ್ಪೀಕರು. ಧುಂ, ಧುಂ, ಧುಂ. ಮಾವನಿಗೆ ಚೆನ್ನಾಗಿ ಕೇಳುವ ಜಾತಿಯ ಸದ್ದು. ಆದರೂ 9.40ಕ್ಕೆ ಎದ್ದು ಹೋಗಲಿಲ್ಲ. “ಸೆಕೆಂಡ್ ಶಿಫ್ಟ್ ಇನ್ನೂ ಮುಗಿದಿಲ್ಲ” ಎಂದು ಮೊಬೈಲ್ ತೊಡೆಯ ಮೇಲಿಟ್ಟುಕೊಂಡು ಕಾದರು.

ಹತ್ತಾಯಿತು. ಸೈರನ್ನು ಕೂಗಿತು.

ಬೀದಿಯಲ್ಲಿ ಕೇಳುವುದೇ ಬೇರೆ, ನೀರಿನ ಮೇಲೆ ಹಾದು ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬರುವುದೇ ಬೇರೆ. ಒಂದು ಸೈರನ್ನಿಗೆ ಮೂರು ಸೈರನ್ನು ಉತ್ತರ ಕೊಟ್ಟವು. ಅಡಿಕೆ ಮರದಿಂದ ಹಕ್ಕಿಗಳು ದಡಬಡಿಸಿ ಎದ್ದವು. ತೋಟದ ಮಾಲೀಕರು ಪಟಾಕಿ ಸರ, ಬೆಂಕಿಪೆಟ್ಟಿಗೆ ಹಿಡಿದು “ಆನೆ ಎಲ್ಲಿ? ಯಾವ ಕಡೆ?” ಎನ್ನುತ್ತಾ ಓಡಿಬಂದರು. ‘ಆನೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಹುಡುಗರು ಸ್ಪೀಕರ್ ಆರಿಸಿ, ಟೆಂಟಿನೊಳಗೆ ನುಗ್ಗಿ ಜಿಪ್ ಎಳೆದರು. ಬೆಳಗಿನವರೆಗೆ ಅವರ ಉಸಿರೂ ಹೊರಗೆ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ, 2005ರಲ್ಲಿ ಸುಪ್ರೀಂ ಕೋರ್ಟು ಶಬ್ದದ ಮೇಲೆ ಉದ್ದನೆಯ ತೀರ್ಪು ಕೊಟ್ಟಂದಿನಿಂದ ಆ ನಿಯಮ ಇಷ್ಟು ಚೊಕ್ಕವಾಗಿ ಜಾರಿಯಾದದ್ದು ಅಂದೇ ಇರಬೇಕು.

ಮಾಲೀಕರಿಗೆ ಸಮಾಧಾನ ಹೇಳಿ ಕಳಿಸಿ ನಾವು ಬೆಂಕಿಯ ಸುತ್ತ ಕೂತೆವು. ಆಗ ಶುರುವಾದವು ಜೀರುಂಡೆಗಳು. ಒಂದಲ್ಲ, ಹತ್ತಲ್ಲ, ಇಡೀ ತೋಟವೇ ಸಾಣೆ ಹಿಡಿಯಲು ಕೂತಂತೆ. ಪಕ್ಕದವರ ಮಾತು ಕೇಳಲು ನಾವು ಬಾಗಬೇಕಾಯಿತು. ಮಾವ ಬೆಂಕಿಯ ಬೆಳಕಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

“ಆಹಾ,” ಎಂದರು. “ನೋಡಿದ್ರಾ ಹೆಂಗಿದೆ? ಸೂಜಿ ಬಿದ್ರೆ ಕೇಳ್ಬೇಕು.”

ಯಾರೂ ಮಾತಾಡಲಿಲ್ಲ.

ಮೊಬೈಲ್ ತೆಗೆದು ಡೆಸಿಬಲ್ ಅಳೆಯುವ ಆ್ಯಪ್ ಒತ್ತಿದರು. 61 ಬಂತು. ಒರೆಸಿ ನೋಡಿದರು. 62. ಕುಟ್ಟಿ ನೋಡಿದರು. “ಇದಕ್ಕೆ ಎಂತದೋ ಆಗಿದೆ. ಥಂಡಿಗೆ ಕೆಟ್ಟಿರಬೇಕು.” ನನ್ನ ಮಗಳು ಬಾಯಿ ತೆರೆದಳು. “ಅಜ್ಜ, ಅದು ಜೀ...” ಎನ್ನುವಷ್ಟರಲ್ಲಿ ಅತ್ತೆ ಅವಳ ಕಡೆ ತಿರುಗಿ ತುಟಿಗೆ ಬೆರಳಿಟ್ಟು “ಶ್ಶ್” ಎಂದರು. ಎದುರಿಗೇ ಕೂತಿದ್ದ ಮಾವನಿಗೆ ಕೇಳಲಿಲ್ಲ.

ಅಷ್ಟರಲ್ಲಿ ನೀರಿನ ಅಂಚಿನಿಂದ ಒಂದು ದಪ್ಪ ಕಪ್ಪೆ ವಟರ್ ಎಂದಿತು. ಮಾವ ತಟ್ಟನೆ ಎದ್ದು, ಟಾರ್ಚ್ ಹಾಕಿಕೊಂಡು ಅತ್ತ ನಡೆದರು.

ಬೆಳಿಗ್ಗೆ ಆರಕ್ಕೆ ಮತ್ತೆ ಸೈರನ್ನು. ಟೆಂಟಿನಿಂದ ತಲೆ ಹೊರಗೆ ಹಾಕಿದರೆ, ಬೋರ್ಡಿನ ಕೆಳಗಿನ ಕಲ್ಲಿನ ಮೇಲೆ ಮಾವ ಕೂತಿದ್ದಾರೆ, ಸ್ವೆಟರಿನ ಮೇಲೆಲ್ಲ ಮಂಜಿನ ಹನಿ, ತೊಡೆಯ ಮೇಲೆ ರಿಜಿಸ್ಟರು. “ಬಾ ಮಾರಾಯ, ಚಾರ್ಜ್ ತಗೋ,” ಎಂದು ಪೆನ್ನು ಕೊಟ್ಟರು. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ರಾತ್ರಿ 10 ರಿಂದ ಬೆ. 6. ಕಪ್ಪೆ 1, ಎಚ್ಚರಿಕೆ ಕೊಡಲಾಗಿದೆ. ಬೇರೆ ಯಾವ ಶಬ್ದವೂ ಇಲ್ಲ.’

ಮೇಲೆ ಮರಗಳಲ್ಲಿ ಜೀರುಂಡೆ ಇನ್ನೂ ನಿಂತಿರಲಿಲ್ಲ. ಕೆಳಗೆ ಗೆರೆ ಎಳೆದು ಬಿಟ್ಟ ಜಾಗದಲ್ಲಿ ನಾನು ಸಹಿ ಹಾಕಿದೆ.