ಈ ಹಾಡು ನಿಮ್ಮ ದೇಶದಲ್ಲಿಲ್ಲ

ನಾನು ಮ್ಯೂನಿಕ್‌ನಲ್ಲಿ ಸಂಸಾರ ಹೂಡಿದ ಕಾಲಕ್ಕೆ ಸರಿಯಾಗಿ ಜರ್ಮನಿಯಲ್ಲಿ ಹಾಡುಗಳಿಗೆ ಬೀಗ ಬಿದ್ದಿತ್ತು. ಸಂಗೀತ ರಚಿಸಿದವರ ಪರವಾಗಿ ಹಣ ವಸೂಲು ಮಾಡುವ ಗೆಮಾ ಎಂಬ ಸಂಸ್ಥೆ ಅಲ್ಲಿದೆ. ಅದಕ್ಕೂ ಯೂಟ್ಯೂಬಿಗೂ ಇದ್ದ ಕರಾರು 2009ರಲ್ಲಿ ಮುಗಿಯಿತು. ಒಂದು ಸಲ ಕೇಳಿದರೆ ಇಷ್ಟು ಕೊಡಿ ಎಂದು ಇವರು, ಅಷ್ಟು ಗಿಟ್ಟುವುದಿಲ್ಲ ಎಂದು ಅವರು. ಧಾರವಾಡದ ಸಂತೆಯಲ್ಲಾಗಿದ್ದರೆ ಮೆಂತ್ಯದ ಸೊಪ್ಪು ಬಾಡುವುದರೊಳಗೆ ಮುಗಿಯುತ್ತಿದ್ದ ಚೌಕಾಸಿ ಏಳು ವರ್ಷ ನಡೆಯಿತು. 2013ರಲ್ಲಿ ಗೆಮಾ ಕೇಳಿದ ದರ ಸಲಕ್ಕೆ 0.375 ಸೆಂಟ್. ಒಂದು ಯೂರೋ ಕೊಟ್ಟರೆ ಒಂದೇ ಹಾಡನ್ನು 266 ಸಲ ಕೇಳಬಹುದು. ಅಷ್ಟನ್ನು ನಾನೇ ಜೇಬಿನಿಂದ ಕೊಡುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಯೂಟ್ಯೂಬಿನಲ್ಲಿ ಹಾಡು ಒತ್ತಿದರೆ ತೆರೆಯ ಮೇಲೆ ಅಳುಮೋರೆಯ ಚಿತ್ರ, ಪಕ್ಕದಲ್ಲಿ ಕ್ಷಮಾಪಣೆ. ಗಂಗ್ನಮ್ ಸ್ಟೈಲ್ ಎಂಬ ಹಾಡು 2012ರ ಡಿಸೆಂಬರಿನಲ್ಲಿ ನೂರು ಕೋಟಿ ಸಲ ನೋಡಿಸಿಕೊಂಡ ಮೊದಲ ವಿಡಿಯೊ ಆಯಿತು. ಜರ್ಮನರ ಪಾಲಿಗೆ ಅದೇ ಅಳುಮೋರೆ. ಮುಂದಿನ ಫೆಬ್ರವರಿಯಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿಯಿತು. ಕಾರುಗಳಲ್ಲಿದ್ದ ಕ್ಯಾಮೆರಾಗಳು ಅದನ್ನು ಹಿಡಿದವು. ಆ ವಿಡಿಯೊಗಳಲ್ಲಿ ಕೆಲವು ಜರ್ಮನಿಯಲ್ಲಿ ಕಾಣಲಿಲ್ಲ, ಏಕೆಂದರೆ ಉಲ್ಕೆ ಬೀಳುವಾಗ ಕಾರಿನ ರೇಡಿಯೊದಲ್ಲಿ ಯಾವುದೋ ಹಾಡು ಬರುತ್ತಿತ್ತು! ಆಕಾಶದಿಂದ ಬೀಳುವವರೂ ಹಿನ್ನೆಲೆ ಸಂಗೀತದ ಹಕ್ಕು ವಿಚಾರಿಸಿಕೊಂಡು ಬೀಳಬೇಕು. ಕೊನೆಗೆ ಜಗಳ ಆ ಕ್ಷಮಾಪಣೆಯ ಒಕ್ಕಣೆಗೇ ತಿರುಗಿತು. ತಪ್ಪೆಲ್ಲ ಗೆಮಾದ್ದೇ ಎನ್ನುವ ಹಾಗೆ ಬರೆದಿದ್ದಾರೆ, ಇದು ಸರಿಯಲ್ಲ ಎಂದು 2014ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಡು ಮಾತ್ರ ಒಳಗೇ ಇತ್ತು.

ಕೆಂಪು ದೀಪವಿದ್ದರೆ ನಡುರಾತ್ರಿಯ ಖಾಲಿ ರಸ್ತೆಯನ್ನೂ ದಾಟದ ಜನ ಈ ಜರ್ಮನರು. ಅಂಥವರು ಸಂಜೆ ಮನೆಗೆ ಬಂದು, ಬ್ರೌಸರಿಗೆ ಒಂದು ಚಿಕ್ಕ ತಂತ್ರಾಂಶ ಸೇರಿಸಿ, ತಮ್ಮ ಕಂಪ್ಯೂಟರು ಅಮೆರಿಕದಲ್ಲಿದೆ ಎಂದು ಹಸಿ ಸುಳ್ಳು ಹೇಳಿಸುತ್ತಿದ್ದರು. ಹಕ್ಕನ್ನು ದೇಶದೇಶಕ್ಕೆ ಬಿಡಿಬಿಡಿಯಾಗಿ ಮಾರುತ್ತಾರಲ್ಲ, ಕೇಳುವವನು ಎಲ್ಲಿ ಕೂತಿದ್ದಾನೆ ಎಂಬುದನ್ನು ಯಂತ್ರವು ಇಂಟರ್‌ನೆಟ್ ವಿಳಾಸ ನೋಡಿ ಊಹಿಸುತ್ತದೆ. ವಿಳಾಸ ಬದಲಾದರೆ ಅದರ ಮಟ್ಟಿಗೆ ಮನುಷ್ಯನೂ ಬದಲಾದಂತೆ.

ನನ್ನ ಸಂಕಟ ಬೇರೆ. ನಾನು ಚಂದಾ ಕಟ್ಟಿದ್ದ ಒಂದು ಆ್ಯಪ್‌ನಲ್ಲಿ ಹಳೆಯ ಕನ್ನಡ ಚಿತ್ರಗೀತೆಗಳ ಹೆಸರೆಲ್ಲ ಇರುತ್ತಿದ್ದವು, ಬೂದು ಬಣ್ಣದಲ್ಲಿ. ಒತ್ತಿದರೆ ಮಾತಿಲ್ಲ. ಧಾರವಾಡದ ಅಕ್ಕನಿಗೆ ಸ್ಕೈಪ್‌ನಲ್ಲಿ ಹೇಳಿಕೊಂಡೆ.

“ಅಲ್ಲೋ ತಮ್ಮಾ, ಹಾಡು ಇಲ್ಲೇ ಅದ, ನೀ ಅಲ್ಲಿ ಕೂತೀದಿ. ಕೀಲಿ ಹಾಕಿದ್ದು ಹಾಡಿಗೋ ನಿನಗೋ?” ಎಂದಳು.

ಆಮೇಲೆ ಅವಳೇ ದಾರಿ ಹುಡುಕಿದಳು. ತನ್ನ ಮನೆಯ ಕಂಪ್ಯೂಟರಿನಲ್ಲಿ ಹಾಡು ಹಚ್ಚಿ, ಅದರ ಮುಂದೆ ಫೋನು ಹಿಡಿದು ರೆಕಾರ್ಡು ಮಾಡಿ ಕಳಿಸತೊಡಗಿದಳು. ಪಿ.ಬಿ. ಶ್ರೀನಿವಾಸ್ ಚರಣಕ್ಕೆ ಬರುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಎಸ್. ಜಾನಕಿ ಮೇಲಿನ ಸ್ವರಕ್ಕೆ ಏರುವಾಗ “ಹಾಲು ಎಷ್ಟು ಹಾಕ್ಲಿ ಬಾಯಾರ?” ಎಂಬ ಪ್ರಶ್ನೆ. ಒಂದೆರಡು ಹಾಡಂತೂ ಕರೆಂಟು ಹೋದಲ್ಲಿಗೇ ನಿಂತಿವೆ. ಈಗ ಅವೇ ಹಾಡುಗಳನ್ನು ಶುದ್ಧವಾಗಿ ಕೇಳಿದರೆ ಸೀಟಿಯ ಜಾಗದಲ್ಲಿ ಏನೋ ಕೊರತೆ ಅನ್ನಿಸುತ್ತದೆ. ನನ್ನ ಹೆಂಡತಿಯಂತೂ ಮೂರನೆಯ ಸೀಟಿಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಹಾಗೆಂದು ಜರ್ಮನರನ್ನೇ ಬೈಯುವುದು ನ್ಯಾಯವಲ್ಲ. ನಮ್ಮ ಭಾರತದಲ್ಲೂ 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ; ಆಕಾಶವಾಣಿಯಲ್ಲಿ ಅವುಗಳಿಗೆ ಜಾಗವೇ ಇಲ್ಲವಾಯಿತು. ಜನ ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. 1957ರಲ್ಲಿ ಸರ್ಕಾರವೇ ಸೋತು ವಿವಿಧ ಭಾರತಿ ಶುರುಮಾಡಿತು. ಆ ಜನರ ಹಾಗೆಯೇ ಜರ್ಮನರೂ ದಾರಿ ಹುಡುಕಿ ಕಂಪ್ಯೂಟರಿನ ಕೈಲಿ ಸುಳ್ಳು ಹೇಳಿಸಿದರೆ ಅದರಲ್ಲಿ ಆಶ್ಚರ್ಯವೇನು?

ಗೆಮಾಕ್ಕೂ ಯೂಟ್ಯೂಬಿಗೂ ಕೊನೆಗೆ ರಾಜಿಯಾಗಿ ಜರ್ಮನಿಯ ಬೀಗ ತೆರೆದದ್ದು 2016ರ ನವೆಂಬರ್ 1ರಂದು. ರಾಜ್ಯೋತ್ಸವದ ದಿನ! ಕನ್ನಡಿಗನಾದವನು ಕುಣಿಯದೆ ಇನ್ನೇನು ಮಾಡಬೇಕು? ಆದರೆ ಬವೇರಿಯಾದಲ್ಲಿ ಅದು ಸಕಲ ಸಂತರ ದಿನ, ಸಮಾಧಿಗಳಿಗೆ ದೀಪ ಹಚ್ಚುವ ರಜೆ. ಅಂದು ಸಾರ್ವಜನಿಕ ಕುಣಿತಕ್ಕೆ ಅಲ್ಲಿ ಕಾನೂನಿನಲ್ಲೇ ನಿಷೇಧವಿದೆ.